ಅಕ್ಕನ ಹಂಡೆ

ಜನವರಿಯಲ್ಲಿ ಶಾಂತಳ್ಳಿ ಜಾತ್ರೆಗೆ ಅಕ್ಕ ಊರಿಗೆ ಬಂದಳೆಂದರೆ, ಮಾರನೇ ಬೆಳಿಗ್ಗೆ ನಮ್ಮ ಜಗಲಿಯ ಮೇಲೆ ಯಾರಾದರೊಬ್ಬರು ದೊಡ್ಡ ಕವರ್ ಹಿಡಿದು ಕೂತಿರುವುದು ಖಾತ್ರಿ. ಈ ಸಲ ಬಂದವರು ಕೆಳಗಿನ ತೋಟದ ಮಾವ. ಕವರಿನೊಳಗೆ ಮೈಸೂರಿನಲ್ಲಿ ತೆಗೆಸಿದ ಸೊಂಟದ ಎಂಆರ್‌ಐ ಫಿಲ್ಮು.

"ಡಾಕ್ಟ್ರು ಆಪರೇಷನ್ ಅಂತಾರಮ್ಮ. ನೀನೇ ಈ ಮಿಷಿನ್ ನಡೆಸೋಳಲ್ವಾ, ಒಂದ್ಸಲ ನೋಡಿ ಹೇಳ್ಬಿಡು."

ಅಕ್ಕ ಹದಿನೆಂಟು ವರ್ಷದಿಂದ ಒಂದೇ ಉತ್ತರ ಕೊಡುತ್ತಾ ಬಂದಿದ್ದಾಳೆ. "ನಾನು ಮನುಷ್ಯರನ್ನ ನೋಡೋಳಲ್ಲ ಮಾವ. ನಮ್ಮದು ಪ್ರೋಟೀನ್ ನೋಡೋ ಮಿಷಿನ್ನು."

ಮಾವ ಫಿಲ್ಮನ್ನು ಕವರಿಗೆ ತುರುಕುತ್ತಾ, "ಪ್ರೋಟೀನು ಅಂದ್ರೆ ಮೊಟ್ಟೆ, ಬೇಳೆ. ಅದನ್ನ ಸ್ಕ್ಯಾನ್ ಮಾಡಿ ಏನ್ಮಾಡ್ತಾರೆ?" ಅಂದರು. ಕಾಫಿ ಕುಡಿದು ಹೋದರು. ಬೇಜಾರಾಗಿದ್ದು ಮುಖದಲ್ಲೇ ಕಾಣುತ್ತಿತ್ತು.

ಅಕ್ಕ ಆ ಮಿಷಿನ್ ನಡೆಸುತ್ತಾಳೆಂದು ಮಾವ ಹೇಳಿದ್ದು ಪೂರ್ತಿ ತಪ್ಪೇನಲ್ಲ. ಆಸ್ಪತ್ರೆಯ ಎಂಆರ್‌ಐ ಮತ್ತು ಅಕ್ಕನ ಎನ್‌ಎಂಆರ್, ಅಂದರೆ ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್ ಯಂತ್ರ, ಒಂದೇ ಮನೆತನದವು. 1945–46ರ ಸುಮಾರಿಗೆ ಅಮೆರಿಕದಲ್ಲಿ ಸ್ಟ್ಯಾನ್‌ಫರ್ಡ್‌ನ ಬ್ಲಾಕ್ ಮತ್ತು ಹಾರ್ವರ್ಡ್‌ನ ಪರ್ಸೆಲ್ ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದರು, 1952ರಲ್ಲಿ ಇಬ್ಬರಿಗೂ ಕೂಡಿ ನೊಬೆಲ್ ಬಂತು. ಮುಂದೆ ಇದು ಆಸ್ಪತ್ರೆಗೆ ಕಾಲಿಟ್ಟಾಗ, 'ನ್ಯೂಕ್ಲಿಯರ್' ಎಂದರೆ ರೋಗಿಗಳು ಬಾಂಬೆಂದು ಹೆದರುತ್ತಾರೆ ಅಂತ ಆ ಮೊದಲ ಅಕ್ಷರವನ್ನೇ ಬಿಟ್ಟರು. ಲ್ಯಾಬಿನವರು ಉಳಿಸಿಕೊಂಡರು. ಲ್ಯಾಬಿಗೆ ಹೆದರುವವರು ಯಾರೂ ಬರುವುದಿಲ್ಲ, ಅಥವಾ ಹೆದರುವುದು ಬೇರೆ ಕಾರಣಕ್ಕೆ.

ಅವಳ ಲ್ಯಾಬನ್ನು ನಾನು ನೋಡಿದ್ದು ಒಂದೇ ಸಲ. ಬೆಂಗಳೂರಿನ ವಿಶ್ವವಿದ್ಯಾಲಯವೊಂದರ ನೆಲಮಹಡಿ. ಬಾಗಿಲಲ್ಲೇ ವಾಚು, ಮೊಬೈಲು, ಎಟಿಎಂ ಕಾರ್ಡು, ಬೀಗದ ಕೈ ಎಲ್ಲ ತೆಗೆದಿಡಬೇಕು. ಒಳಗೆ ನೆಲದ ಮೇಲೆ ಹಳದಿ ಗೆರೆ. ಅದು ಐದು ಗೌಸ್ ಗೆರೆಯಂತೆ, ಅಂದರೆ ಮ್ಯಾಗ್ನೆಟ್ಟಿನ ಬಲ ಅಷ್ಟಕ್ಕೆ ಇಳಿಯುವ ಜಾಗ, ಪೇಸ್‌ಮೇಕರ್ ಹಾಕಿಸಿಕೊಂಡವರು ದಾಟುವ ಹಾಗಿಲ್ಲ. ಗೆರೆಯಾಚೆ, ಮೂರು ಕಾಲಿನ ಮೇಲೆ, ನನಗಿಂತ ಎತ್ತರದ ಬಿಳೀ ಪಾತ್ರೆ. ನಮ್ಮ ಬಚ್ಚಲುಮನೆಯ ಹಂಡೆಯನ್ನು ಯಾರೋ ದೊಡ್ಡದು ಮಾಡಿ ಬಣ್ಣ ಬಳಿದು ನಿಲ್ಲಿಸಿದ ಹಾಗೆ. ನಾನು ಹಾಗಂದಿದ್ದಕ್ಕೆ ಅಕ್ಕ ನಕ್ಕಳು. ಅವತ್ತಿಂದ ನಮ್ಮಿಬ್ಬರ ಮಾತಲ್ಲಿ ಅದು ಹಂಡೆಯೇ.

ಹಂಡೆಯೊಳಗೆ ಹಂಡೆ. ಹೊರಗಿನದರಲ್ಲಿ ದ್ರವ ಸಾರಜನಕ, ಮೈನಸ್ 196 ಡಿಗ್ರಿ. ಒಳಗಿನದರಲ್ಲಿ ದ್ರವ ಹೀಲಿಯಂ, ಮೈನಸ್ 269. ಆ ಹೀಲಿಯಂನಲ್ಲಿ ಮುಳುಗಿ ಕೂತಿರುವುದು ನಯೋಬಿಯಂ ಮಿಶ್ರಲೋಹದ ತಂತಿಯ ಸುರುಳಿ, ಅದೇ ಇಲ್ಲಿ ಮ್ಯಾಗ್ನೆಟ್ಟು. ಅಷ್ಟು ಚಳಿಯಲ್ಲಿ ಆ ತಂತಿ ಕರೆಂಟಿಗೆ ಯಾವ ಅಡ್ಡಿಯನ್ನೂ ಮಾಡುವುದಿಲ್ಲ. ಮೊದಲ ದಿನ ಒಮ್ಮೆ ಕರೆಂಟು ಹರಿಸಿ, ಸುರುಳಿಯ ಎರಡು ತುದಿಯನ್ನು ಕೂಡಿಸಿ, ಹೊರಗಿನ ಸಂಪರ್ಕ ತೆಗೆದುಬಿಟ್ಟರೆ ಆಯ್ತು, ವರ್ಷಗಟ್ಟಲೆ ತನ್ನಷ್ಟಕ್ಕೆ ತಾನು ಸುತ್ತುತ್ತಿರುತ್ತದೆ. ಆಷಾಢದಲ್ಲಿ ಮರ ಬಿದ್ದು ನಾಲ್ಕು ದಿನ ಕತ್ತಲಲ್ಲಿ ಕೂರುವ ಶಾಂತಳ್ಳಿ ಕಡೆಯವನಾದ ನನಗೆ ಇದನ್ನು ನಂಬಲು ಕಷ್ಟವಾಯ್ತು. "ಹಾಗಾದ್ರೆ ಇದಕ್ಕೆ ಕೆಇಬಿ ಬಿಲ್ಲೇ ಇಲ್ವಾ?" ಎಂದು ಕೇಳಿದೆ. "ಮ್ಯಾಗ್ನೆಟ್ಟಿಗೆ ಇಲ್ಲ. ಅದನ್ನ ಬಿಟ್ಟು ಉಳಿದಿದ್ದಕ್ಕೆಲ್ಲ ಇದೆ" ಅಂದಳು.

ಅವಳದು 600 ಮೆಗಾಹರ್ಟ್ಸ್ ಯಂತ್ರ, ಅಂದರೆ ಮ್ಯಾಗ್ನೆಟ್ಟಿನ ಬಲದ ಲೆಕ್ಕದಲ್ಲಿ 14.1 ಟೆಸ್ಲಾ. ಕಾಡಲ್ಲಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಶಕ್ತಿಗಿಂತ ಮೂರು ಲಕ್ಷ ಪಟ್ಟಿಗೂ ಹೆಚ್ಚು. 600 ಎಂಬುದು ರೇಡಿಯೋ ಲೆಕ್ಕ. ಮಡಿಕೇರಿ ಆಕಾಶವಾಣಿ 103.1 ಮೆಗಾಹರ್ಟ್ಸ್‌ನಲ್ಲಿ ಬರುವ ಹಾಗೆ, ಆ ಹಂಡೆಯೊಳಗೆ ಇಳಿಬಿಟ್ಟ ಹೈಡ್ರೋಜನ್ ಪರಮಾಣುಗಳ ಬೀಜಗಳು (ನ್ಯೂಕ್ಲಿಯಸ್) 600ರ ಆಸುಪಾಸಿನಲ್ಲಿ ದನಿ ಕೊಡುತ್ತವೆ, ಇಂಗಾಲ 151ರ ಹತ್ತಿರ, ಸಾರಜನಕ 61ರ ಹತ್ತಿರ. ರೇಡಿಯೋ ಅಲೆಯ ಒಂದು ಏಟು ಕೊಡುವುದು, ಸುಮ್ಮನಾಗುವುದು, ಅವು ಏನು ಹೇಳುತ್ತವೆಂದು ಕೇಳುವುದು. ಇಷ್ಟೇ ಕೆಲಸ. ಹಳೇ 400ರ ಯಂತ್ರದಲ್ಲಿ ಇಂಗಾಲದ ಜಾಗ 100.6, ಸರಿಯಾಗಿ ಎಫ್‌ಎಂ ಪಟ್ಟಿಯ ಮಧ್ಯೆ. ಒಂದು ಕೇಬಲ್ಲಿನ ಹೊದಿಕೆ ಸಡಿಲವಾದರೂ ಹೊರಗಿನ ರೇಡಿಯೋ ಒಳಗೆ ನುಸುಳಿ, ಇಲ್ಲದ ಗೆರೆಯೊಂದನ್ನು ಬರೆದುಬಿಡುತ್ತದೆ. ಅಂಥದ್ದೊಂದು ಗೆರೆಯನ್ನು ಹೊಸ ಪದಾರ್ಥವೆಂದು ನಂಬಿ ಎರಡು ವಾರ ತಲೆ ಕೆಡಿಸಿಕೊಂಡ ಹುಡುಗನ ಕತೆಯನ್ನು ಅಕ್ಕ ಪ್ರತಿ ಹಬ್ಬಕ್ಕೂ ಹೇಳುತ್ತಾಳೆ. ಹೇಳುವಾಗಲೆಲ್ಲ ಆ ಎರಡು ವಾರ ಸ್ವಲ್ಪ ಉದ್ದವಾಗುತ್ತಾ ಹೋಗುತ್ತದೆ.

ಅಲ್ಲಿ ಇರುವವರು ನಾಲ್ಕೇ ಜನ. ಅಕ್ಕ, ಮಾನಸಗಂಗೋತ್ರಿಯಲ್ಲಿ ಕೆಮಿಸ್ಟ್ರಿ ಓದಿದವಳು, ಯಂತ್ರದ ಪೂರ್ತಿ ಜವಾಬ್ದಾರಿ. ಎಲೆಕ್ಟ್ರಾನಿಕ್ಸ್ ನೋಡುವ ಹಿರಿಯರೊಬ್ಬರು. ಕಂಪನಿಯವರು 'ಈ ಬೋರ್ಡ್ ಈಗ ಸಿಗಲ್ಲ' ಎಂದಾಗೆಲ್ಲ ಅವರು ತಮ್ಮ ಡ್ರಾಯರಿನಿಂದ ಅದನ್ನೇ ತೆಗೆದು ಮೇಜಿನ ಮೇಲೆ ಇಡುತ್ತಾರಂತೆ. ಪ್ರಾಜೆಕ್ಟ್ ಲೆಕ್ಕದಲ್ಲಿ ವರ್ಷವರ್ಷಕ್ಕೆ ಮುಂದುವರಿಯುವ ಒಬ್ಬ ಹುಡುಗಿ. ಅವಳನ್ನು ಈ ಮಾರ್ಚಿಗೆ ಉಳಿಸಿಕೊಳ್ಳುತ್ತಾರೋ ಇಲ್ಲವೋ ಎಂಬುದು ಅಕ್ಕನಿಗೆ ಹೀಲಿಯಂಗಿಂತ ದೊಡ್ಡ ಚಿಂತೆ. ಇನ್ನೊಬ್ಬರು ಐಟಿಐ ಓದಿದ, ತುಮಕೂರು ಕಡೆಯ, ಎಲ್ಲರೂ 'ಗ್ಯಾಸಣ್ಣ' ಎಂದು ಕರೆಯುವ ಮನುಷ್ಯ.

ಗ್ಯಾಸಣ್ಣ ಹೀಲಿಯಂ ತುಂಬುವುದನ್ನು ನಾನು ನೋಡಿದ್ದೇನೆ. ಸಾರಜನಕವನ್ನು ವಾರಕ್ಕೊಮ್ಮೆ ಸುರಿಯುತ್ತಾರೆ, ಅದು ಮನೆಗೆಲಸದ ಹಾಗೆ. ಹೀಲಿಯಂ ಎಂದರೆ ಕೆಲವು ತಿಂಗಳಿಗೊಮ್ಮೆ ಬರುವ ವ್ರತ. ಅವತ್ತು ಯಾರೂ ಯಾರ ಜೊತೆಗೂ ಹರಟುವುದಿಲ್ಲ. ಮೊದಲು ತುಂಬುವ ಕೊಳವೆಯನ್ನೇ ತಣ್ಣಗೆ ಮಾಡಬೇಕು. ಒಂದು ತುದಿ ಹೀಲಿಯಂ ತಂದ ಡಬ್ಬಿಯೊಳಗೆ, ಇನ್ನೊಂದು ತುದಿ ಗಾಳಿಗೆ. ಮೊದಲು ಬರುವುದು ಬರೀ ಸುಯ್ಯೆಂಬ ಗಾಳಿ, ಆಮೇಲೆ ನಮ್ಮ ಪುಷ್ಪಗಿರಿ ಮಂಜಿನಂಥ ಹೊಗೆ, ಆಮೇಲೆ ಆ ಹೊಗೆ ಇದ್ದಕ್ಕಿದ್ದಂತೆ ಗಟ್ಟಿಯಾಗಿ ನಾಲಿಗೆಯ ಹಾಗೆ ಚಾಚಿಕೊಳ್ಳುತ್ತದೆ. ಅದು ದ್ರವ ಬಂತೆಂಬ ಗುರುತು. ಆ ಗಳಿಗೆಯಲ್ಲೇ ಕೊಳವೆಯನ್ನು ಹಂಡೆಯ ಕತ್ತಿಗೆ ಇಳಿಸಬೇಕು. ಬೇಗ ಇಳಿಸಿದರೆ ಕೊಳವೆಯ ಬಿಸಿ ಒಳಗೆ ಹೋಗಿ ಅಲ್ಲಿರುವ ಹೀಲಿಯಂ ಕೂಡ ಆವಿಯಾಗುತ್ತದೆ. ತಡ ಮಾಡಿದರೆ ದುಡ್ಡು ಗಾಳಿಗೆ. ಕತ್ತು ತೆರೆದಿರುವಷ್ಟು ಹೊತ್ತೂ ಹೊರಗಿನ ಗಾಳಿ ಒಳಗೆ ಹೋಗಬಾರದು, ಏಕೆಂದರೆ ಆ ಚಳಿಗೆ ಗಾಳಿಯೇ ಕಲ್ಲಾಗಿ ಕತ್ತನ್ನು ಮುಚ್ಚಿಬಿಡುತ್ತದೆ. ಮುಚ್ಚಿದ ಕತ್ತಿನ ಕೆಳಗೆ ಕುದಿಯುವ ಹೀಲಿಯಂ ಇದ್ದರೆ ಏನಾದೀತೆಂದು ಕುಕ್ಕರ್ ಸೀಟಿ ಕಟ್ಟಿಕೊಂಡ ಅನುಭವ ಇರುವವರಿಗೆ ಹೇಳಬೇಕಿಲ್ಲ.

ಕೋಣೆಯಲ್ಲಿ ಮೀಟರು ಇದೆ, ಕಂಪ್ಯೂಟರಿದೆ. ಆದರೂ ಗ್ಯಾಸಣ್ಣ ಕೈಗವಸು ಹಾಕಿದ ಕೈಯನ್ನು ಕೊಳವೆಯ ಮೇಲಿಟ್ಟು, ತಲೆಯನ್ನು ಓರೆ ಮಾಡಿ, ಶಬ್ದ ಕೇಳುತ್ತಾ ನಿಂತಿದ್ದ. ಒಂದು ಹಂತದಲ್ಲಿ "ಸಾಕು" ಅಂದ. ಅಕ್ಕ ಮೀಟರು ನೋಡಿದಳು. ಸಾಕಾಗಿತ್ತು.

ನನಗೆ ತಕ್ಷಣ ನೆನಪಾಗಿದ್ದು ನಮ್ಮ ಹಳೇ ಮೇಸ್ತ್ರಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಬಿಗಿ ಸರಿಮಾಡಲು ಅವನು ಯಾವತ್ತೂ ಅಳತೆಪಟ್ಟಿ ಹಿಡಿದವನಲ್ಲ. ಹಣ್ಣು ಬೀಳುವ ಶಬ್ದ ಕೇಳಿ, ಕೆಳಗೆ ಬಂದ ಬೇಳೆಯನ್ನು ಬೊಗಸೆಯಲ್ಲಿ ಎತ್ತಿ, ಒಂದು ಬೋಲ್ಟನ್ನು ಕಾಲು ಸುತ್ತು ತಿರುಗಿಸುತ್ತಿದ್ದ. ಬಿಗಿ ಹೆಚ್ಚಾದರೆ ಬೇಳೆ ಕಚ್ಚುತ್ತದೆ, ಸಡಿಲವಾದರೆ ಸಿಪ್ಪೆ ಉಳಿಯುತ್ತದೆ. ಅವನು ಹೋದ ಮೇಲೆ ಎರಡು ವರ್ಷ ನಮ್ಮ ಪಾರ್ಚ್‌ಮೆಂಟಿಗೆ, ಅಂದರೆ ಹಾಗೆ ಸಿಪ್ಪೆ ತೆಗೆದು ಒಣಗಿಸಿದ ಕಾಫಿಗೆ, ರೇಟು ಸಿಗಲಿಲ್ಲ. ಅವನು ಏನು ಮಾಡುತ್ತಿದ್ದ ಎಂಬುದು ನಮಗೆ ಗೊತ್ತಾಗಿದ್ದೇ ಆಗ.

ಹೀಲಿಯಂ ಇಲ್ಲಿಯದಲ್ಲ, ಬಹುಪಾಲು ಹೊರದೇಶದಿಂದ ಬರಬೇಕು. 2017ರ ಜೂನಿನಲ್ಲಿ ಅಕ್ಕಪಕ್ಕದ ದೇಶಗಳು ಕತಾರಿಗೆ ದಿಗ್ಬಂಧನ ಹಾಕಿದಾಗ ಅಲ್ಲಿನ ಹೀಲಿಯಂ ಘಟಕಗಳು ಕೆಲಕಾಲ ನಿಂತವು. ನಮ್ಮೂರಲ್ಲಿ ಆ ಸುದ್ದಿ ಓದಿದವರೆಲ್ಲ ಗಲ್ಫಿನಲ್ಲಿರುವ ಮಕ್ಕಳಿಗೆ ಫೋನ್ ಮಾಡಿದರು. ಅಕ್ಕ ಗ್ಯಾಸ್ ಏಜೆನ್ಸಿಗೆ ಮಾಡಿದಳು.

ಹಂಡೆ ಬೆಚ್ಚಗಾದರೆ ಏನಾಗುತ್ತದೆ? ಅದಕ್ಕೆ 'ಕ್ವೆಂಚ್' ಎನ್ನುತ್ತಾರೆ. ತಂತಿಯ ಒಂದು ಚೂರು ತನ್ನ ಗುಣ ಕಳೆದುಕೊಂಡರೂ ಅಷ್ಟು ಕರೆಂಟೂ ಅಲ್ಲಿ ಬಿಸಿಯಾಗುತ್ತದೆ, ಬಿಸಿ ಪಕ್ಕಕ್ಕೆ ಹಬ್ಬುತ್ತದೆ, ಹೀಲಿಯಂ ಒಮ್ಮೆಗೇ ಕುದಿಯುತ್ತದೆ. ಒಂದು ಲೀಟರ್ ದ್ರವ ಸುಮಾರು 750 ಲೀಟರ್ ಅನಿಲವಾಗುತ್ತದೆ. ಕೋಣೆಯ ಆಮ್ಲಜನಕವನ್ನೆಲ್ಲ ಅದು ತಳ್ಳಿಬಿಡುವುದರಿಂದ, ಸದ್ದು ಬಂತೆಂದರೆ ಎಲ್ಲ ಬಿಟ್ಟು ಓಡಬೇಕು. ಅಕ್ಕ ಇದನ್ನು ಕಂಡಿದ್ದು ಒಮ್ಮೆ ಮಾತ್ರ, ಕೆಲಸ ಕಲಿಯಲು ಹೋಗಿದ್ದ ಬೇರೊಂದು ಕಡೆ. ಹೊರಗೆ ಹುಲ್ಲಿನ ಮೇಲೆ ನಿಂತು ಬಾಗಿಲಿಂದ ಬರುವ ಬಿಳಿ ಮೋಡ ನೋಡುತ್ತಿದ್ದಾಗ ಅಲ್ಲಿನ ಹಿರಿಯ ಆಪರೇಟರು ಒಂದೂ ಮಾತಾಡದೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದರಂತೆ. ಯಾಕೆಂದು ಅವರಿಗೂ ಗೊತ್ತಿರಲಿಲ್ಲವಂತೆ. ಸಾವಿನ ಮನೆಯಲ್ಲಿ ಬಿಡುವ ಹಾಗೆ, ಅಂದಳು ಅಕ್ಕ.

ಇನ್ನು ಪ್ರೋಟೀನಿನ ವಿಷಯ. ಮಾವನ ಪ್ರಶ್ನೆಗೆ ನನಗೆ ಅರ್ಥವಾದಷ್ಟು ಉತ್ತರ ಇದು. ನಮ್ಮ ಮೈಯಲ್ಲಿ ಕೆಲಸ ಮಾಡುವ ಪ್ರೋಟೀನು ಉದ್ದನೆಯ ಸರ, ಆದರೆ ಅದು ಒಂದು ನಿರ್ದಿಷ್ಟ ರೀತಿಯಲ್ಲಿ ಸುತ್ತಿ ಮಡಚಿಕೊಂಡರೇ ಕೆಲಸ. ಮಡಿಕೆ ಹೇಗಿದೆಯೆಂದು ಕಣ್ಣಿಗೆ ಕಾಣುವುದಿಲ್ಲ. ಆದರೆ ಅದರೊಳಗಿನ ಎರಡು ಹೈಡ್ರೋಜನ್‌ಗಳು ಸುಮಾರು ಅರ್ಧ ನ್ಯಾನೋಮೀಟರಿಗಿಂತ ಹತ್ತಿರವಿದ್ದರೆ ಒಂದರ ದನಿ ಇನ್ನೊಂದಕ್ಕೆ ಮುಟ್ಟುತ್ತದೆ. ನಮ್ಮಲ್ಲಿ ತೋಟದ ಮನೆಗಳು ಒಂದಕ್ಕೊಂದು ಕಾಣುವುದಿಲ್ಲವಷ್ಟೆ. ಆದರೂ ಯಾರ ಮನೆಯ ನಾಯಿ ಬೊಗಳಿದ್ದು ಯಾರಿಗೆ ಕೇಳುತ್ತದೆಂದು ಮನೆಮನೆಗೆ ಹೋಗಿ ಬರೆದುಕೊಂಡು ಬಂದರೆ, ಮಂಜಿನಲ್ಲಿ ಕೂತೇ ಊರಿನ ನಕ್ಷೆ ಬರೆಯಬಹುದು. 1980ರಲ್ಲಿ ಜ್ಯೂರಿಕ್‌ನಲ್ಲಿ ಅರ್ನ್ಸ್ಟ್, ವೂತ್ರಿಕ್ ಜೊತೆ ಕೂತು ಪ್ರೋಟೀನಿಗೆ ಈ 'ನಾಯಿ ಬೊಗಳುವ' ಲೆಕ್ಕವನ್ನು ಎರಡು ಆಯಾಮದಲ್ಲಿ ತೆಗೆದು ತೋರಿಸಿದವರಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಅನಿಲ್ ಕುಮಾರ್ ಒಬ್ಬರು. ಅರ್ನ್ಸ್ಟ್‌ಗೆ 1991ರಲ್ಲಿ, ವೂತ್ರಿಕ್‌ಗೆ 2002ರಲ್ಲಿ ನೊಬೆಲ್ ಬಂತು.

ಇದಕ್ಕೂ ಹಿಂದಿನ ಹೆಸರುಗಳೂ ಇವೆ, ಅಕ್ಕನ ಬಾಯಲ್ಲಿ ಬಂದಾಗ ಮನೆದೇವರ ಹೆಸರಿನ ಹಾಗೆ ಕೇಳುತ್ತವೆ. 1951ರಲ್ಲಿ ಬೆಂಗಳೂರಿನಲ್ಲೇ ಜಿ. ಸೂರ್ಯನ್ ಎಂಬವರು ಹರಿಯುವ ದ್ರವದಲ್ಲಿ ಈ ದನಿ ಹೇಗೆ ಬದಲಾಗುತ್ತದೆಂದು ಅಳೆದು ಪ್ರಕಟಿಸಿದರು. ಮಾವನ ಎಂಆರ್‌ಐ ಯಂತ್ರ ಇವತ್ತು ರಕ್ತ ಹರಿಯುವುದನ್ನು ನೋಡುತ್ತದಲ್ಲ, ಅದರ ಮುತ್ತಜ್ಜ ಅಂಥ ಕೆಲಸ. ಅದೇ ವರ್ಷ ಆಲ್ಕೋಹಾಲಿನ ಹೈಡ್ರೋಜನ್‌ಗಳು ಒಂದಲ್ಲ, ಮೂರು ಬೇರೆ ಬೇರೆ ದನಿ ಕೊಡುತ್ತವೆಂದು ತೋರಿಸಿದ ಸ್ಟ್ಯಾನ್‌ಫರ್ಡ್‌ನ ಲೇಖನದ ಮೂವರಲ್ಲಿ ಒಬ್ಬರು ಧರ್ಮಟ್ಟಿ. ಆ ಹೆಸರು ಕನ್ನಡದ ಕಿವಿಗೆ ಎಲ್ಲಿಯದೆಂದು ಬೇರೆ ಹೇಳಬೇಕೇ. ಕೆಮಿಸ್ಟ್ರಿಯವರು ಎನ್‌ಎಂಆರ್ ಕಡೆ ತಿರುಗಿ ನೋಡಿದ್ದೇ ಆ ಮೂರು ಗೆರೆ ಕಂಡ ಮೇಲೆ, ಅನ್ನುತ್ತಾಳೆ ಅಕ್ಕ.

ಇವೆಲ್ಲ ಹೆಸರಿರುವವರ ಕತೆ. ಅಕ್ಕನ ದಿನ ಹೀಗಿರುತ್ತದೆ: ಯಾರೋ ಒಬ್ಬ ವಿದ್ಯಾರ್ಥಿ ಬ್ಯಾಕ್ಟೀರಿಯಾಕ್ಕೆ ಸಾಮಾನ್ಯ ಮೇವು ಬಿಟ್ಟು, ಹಂಡೆಗೆ ದನಿ ಕೇಳಿಸುವ ಬಗೆಯ ಸಾರಜನಕ-15 ಇರುವ ಉಪ್ಪು, ಇಂಗಾಲ-13ರ ದುಬಾರಿ ಗ್ಲೂಕೋಸು ತಿನ್ನಿಸಿ ಬೆಳೆಸಿ, ತಿಂಗಳುಗಟ್ಟಲೆ ಒದ್ದಾಡಿ, ಕೊನೆಗೆ ಐದು ಮಿಲಿಮೀಟರ್ ದಪ್ಪದ ಗಾಜಿನ ನಳಿಗೆಯಲ್ಲಿ ಅರ್ಧ ಮಿಲಿಲೀಟರಿನಷ್ಟು ಪ್ರೋಟೀನು ತರುತ್ತಾನೆ. ದೇವರ ತೀರ್ಥ ಹಿಡಿದ ಹಾಗೆ ಎರಡೂ ಕೈಯಲ್ಲಿ. ಅಕ್ಕ ಅದನ್ನು ಬೆಳಕಿಗೆ ಹಿಡಿಯುತ್ತಾಳೆ. ಎಷ್ಟೋ ಸಲ ಅಲ್ಲೇ ಗೊತ್ತಾಗುತ್ತದೆ, ಹಾಲು ಒಡೆದ ಹಾಗೆ ತಳದಲ್ಲಿ ಬಿಳಿ ಕೂತಿರುತ್ತದೆ. ತಿಳಿಯಾಗಿದ್ದರೆ ಹಂಡೆಗೆ ಇಳಿಸಿ, ಶಿಮ್ ಮಾಡುತ್ತಾಳೆ. ಅಂದರೆ ನಳಿಗೆಯ ಉದ್ದಕ್ಕೂ ಮ್ಯಾಗ್ನೆಟ್ಟಿನ ಬಲ ನೂರು ಕೋಟಿಯಲ್ಲಿ ಒಂದೆರಡು ಪಾಲೂ ಏರುಪೇರಾಗದ ಹಾಗೆ ಸಣ್ಣ ಸಣ್ಣ ಸುರುಳಿಗಳ ಕರೆಂಟನ್ನು ಹೊಂದಿಸುವುದು. ಈಗ ಕಂಪ್ಯೂಟರೇ ಮಾಡುತ್ತದೆ. ಅದು ಮಾಡಿದ ಮೇಲೆ ಅಕ್ಕ ಇನ್ನೊಂದು ಸಲ ಮಾಡುತ್ತಾಳೆ.

ಆಮೇಲೆ ಪರದೆಯ ಮೇಲೆ ಚುಕ್ಕೆಗಳು ಬರುತ್ತವೆ. ಸರದ ಹೆಚ್ಚುಕಡಿಮೆ ಒಂದೊಂದು ಮಣಿಗೆ ಒಂದೊಂದು ಚುಕ್ಕೆ. ಕಣದಲ್ಲಿ ಕಾಫಿ ಹರಡಿದ ಹಾಗೆ ಚೆನ್ನಾಗಿ ಬಿಡಿಬಿಡಿಯಾಗಿ ಹರಡಿದ್ದರೆ ಪ್ರೋಟೀನು ಸರಿಯಾಗಿ ಮಡಚಿದೆ. ಮಧ್ಯದಲ್ಲಿ ಗುಪ್ಪೆ ಬಿದ್ದಿದ್ದರೆ ಇಲ್ಲ. ಇದನ್ನು ಮೊದಲು ಕಾಣುವುದು ಪ್ರೊಫೆಸರಲ್ಲ, ವಿದ್ಯಾರ್ಥಿಯೂ ಅಲ್ಲ, ಪಕ್ಕದಲ್ಲಿ ಕೂತ ಆಪರೇಟರು. "ಗುಪ್ಪೆ ಕಂಡ್ರೆ ಏನ್ ಹೇಳ್ತೀಯ?" ಎಂದು ಕೇಳಿದ್ದೆ. "ಊಟ ಆಯ್ತಾ ಅಂತ ಕೇಳ್ತೀನಿ" ಅಂದಳು.

ಲೇಖನ ಅಚ್ಚಾದಾಗ ಕೊನೆಯಲ್ಲಿ ಒಂದು ಸಾಲು ಕೃತಜ್ಞತೆ ಇರುತ್ತದೆ. ಎನ್‌ಎಂಆರ್ ಸೌಲಭ್ಯಕ್ಕೆ, ಅಥವಾ ಯಂತ್ರ ಕೊಳ್ಳಲು ದುಡ್ಡು ಕೊಟ್ಟ ಇಲಾಖೆಗೆ. ಕಟ್ಟಡಕ್ಕೂ ಕಡತಕ್ಕೂ ಥ್ಯಾಂಕ್ಸ್, ಗ್ಯಾಸಣ್ಣನಿಗಿಲ್ಲ. ಇದನ್ನು ನಾನು ಒಮ್ಮೆ ಸಿಟ್ಟಿನಿಂದಲೇ ಅಕ್ಕನ ಹತ್ತಿರ ಎತ್ತಿದೆ. ಅವಳು ನಮ್ಮ ಜಗಲಿಯಲ್ಲಿ ಜೋಡಿಸಿದ್ದ ಚೀಲಗಳ ಕಡೆ ನೋಡಿದಳು. ಅದರ ಮೇಲೆ ನಮ್ಮ ತೋಟದ ಹೆಸರು ಅಚ್ಚಾಗಿದೆ. ಕುಯ್ದವರ ಹೆಸರು ಇಲ್ಲ. ನಾನು ಮಾತು ಬದಲಾಯಿಸಿದೆ.

ಬದಲಾಯಿಸಿ ಕೇಳಿದ್ದು ಕಾಫಿಯದೇ ವಿಷಯ. ಅರೇಬಿಕಾ ಪುಡಿಗೆ ರೊಬಸ್ಟಾ ಬೆರೆಸಿದರೆ ನಿನ್ನ ಹಂಡೆಗೆ ಗೊತ್ತಾಗುತ್ತಾ ಅಂತ. ಗೊತ್ತಾಗುತ್ತದಂತೆ. ರೊಬಸ್ಟಾದ ಎಣ್ಣೆಯಲ್ಲಿ 16-ಒ-ಮೀಥೈಲ್‌ಕೆಫೆಸ್ಟಾಲ್ ಎಂಬುದು ಇರುತ್ತದೆ, ಅರೇಬಿಕಾದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹೈಡ್ರೋಜನ್ನಿನ ಪಟ್ಟಿಯಲ್ಲಿ 3.16 ಎಂದು ಗುರುತಿಸುವ ಜಾಗದ ಹತ್ತಿರ ಒಂದು ಗೆರೆ ಎದ್ದರೆ ಬೆರಕೆ ಸಿಕ್ಕಿಬಿದ್ದ ಹಾಗೆ. ಅದಕ್ಕೆ ಮೇಜಿನ ಮೇಲಿಡುವ, ಹೀಲಿಯಂ ಬೇಡದ ಸಣ್ಣ ಯಂತ್ರವೇ ಸಾಕಂತೆ. ಜೇನಿನದೂ ಹೀಗೇ. ಅಮೆರಿಕಕ್ಕೆ ಹೋಗುವ ಜೇನಿಗೆ 2020ರ ಆಗಸ್ಟ್‌ನಿಂದ ಎನ್‌ಎಂಆರ್ ಪರೀಕ್ಷೆ ಕಡ್ಡಾಯವಾಯಿತು, ಸಕ್ಕರೆ ಪಾಕ ಬೆರೆಸಿದ್ದು ಗೊತ್ತಾಗಲೆಂದು. ಜೇನು ಬಾಟಲಿಯ ಮೇಲೆ ಎನ್‌ಎಂಆರ್ ಎಂಬ ಮೂರಕ್ಷರ ಕಂಡು ನಮ್ಮಮ್ಮ, "ನಿನ್ನ ಆಫೀಸಿನ ಹೆಸರು ಹಾಕವ್ರೆ ನೋಡೇ" ಎಂದು ಬಾಟಲಿ ತೊಳೆದು ಷೋಕೇಸಿನಲ್ಲಿ ಇಟ್ಟಿದ್ದಾರೆ. ಅಕ್ಕನ ಚಿನ್ನದ ಪದಕ ಅದರ ಹಿಂದೆ ಮರೆಯಾಗಿದೆ.

ಈ ಸಲ ಜಾತ್ರೆಯ ರಾತ್ರಿ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಕೊನೆಯ ಕುಯಿಲು ನಡೆಯುತ್ತಿತ್ತು, ತೂಕದ ಪುಸ್ತಕ ಕಣದ ಷೆಡ್ಡಿನಲ್ಲೇ ಇತ್ತು. ಹತ್ತು ಗಂಟೆಗೆ ಅಕ್ಕನ ಫೋನು. ನಮ್ಮಲ್ಲಿ ಸಿಗ್ನಲ್ ಸಿಗುವುದು ಕಣದ ಮೂಲೆಯ ಹಲಸಿನ ಮರದ ಬುಡದಲ್ಲಿ ಮಾತ್ರ. ಅವಳು ಸೆರಗು ಹೊದ್ದು ಓಡಿದಳು, ನಾನು ಟಾರ್ಚು ಹಿಡಿದು ಹಿಂದೆ.

ಫೋನಿನಲ್ಲಿ ಪ್ರಾಜೆಕ್ಟಿನ ಹುಡುಗಿ, ಅಳುವ ದನಿ. ಕರೆಂಟ್ ಹೋಗಿ ಜನರೇಟರ್ ಬರುವಷ್ಟರಲ್ಲಿ, ಕೂಲರಿಗೆ ತಣ್ಣೀರು ಕಳಿಸುವ ಚಿಲ್ಲರ್ ನಿಂತಿದೆ. ಮ್ಯಾಗ್ನೆಟ್ಟಿಗೆ ಏನೂ ಆಗಿಲ್ಲ, ಆದರೆ ದನಿ ಕೇಳುವ ಪ್ರೋಬನ್ನೂ ತಣ್ಣಗಿಡಬೇಕು, ಅದು ಬೆಚ್ಚಗಾಗುತ್ತಿದೆ. ಒಳಗೆ ಯಾರದೋ ಮೂರು ದಿನದ ಪ್ರಯೋಗ ಓಡುತ್ತಿತ್ತು.

"ಮೊದಲು ಸ್ಯಾಂಪಲ್ ಹೊರಗೆ ತೆಗಿ ಪುಟ್ಟಿ. ಒಳಗಿನ ಗಾಳಿ ನಿಂತ್ರೆ ನಳಿಗೆ ಮಂಜುಗಟ್ಟುತ್ತೆ. ತೆಗ್ದ್ಯಾ? ಹೂಂ. ಈಗ ಫೋನ್ ತಗೊಂಡು ಗೆರೆಯಿಂದ ಈಚೆಗೇ, ಕೂಲರ್ ಹತ್ರ ಹಿಡಿ."

ಸ್ಪೀಕರ್ ಹಾಕಿದಳು. ನಮ್ಮ ಹಲಸಿನ ಮರದ ಕೆಳಗೆ ಬೆಂಗಳೂರಿನ ಒಂದು ಯಂತ್ರದ ಸದ್ದು ಬಂತು, ಬರೀ ಗುಂಯ್. ಅಕ್ಕ ತಲೆಯನ್ನು ಓರೆ ಮಾಡಿ ನಿಂತಳು, ಥೇಟ್ ಗ್ಯಾಸಣ್ಣನ ಹಾಗೆ. "ಚಿಕ್ ಚಿಕ್ ಅನ್ನೋದು ನಿಂತಿದೆ. ಚಿಲ್ಲರಿನ ನೀರು ಎಷ್ಟಿದೆ ನೋಡು." ನೀರು ಕಡಿಮೆಯಿತ್ತು. ತುಂಬಿಸಿ, ಬಟನ್ ಒತ್ತಿ, ಕಾದು, ಮತ್ತೆ ಒತ್ತಿ, ಮುಕ್ಕಾಲು ಗಂಟೆ. ಚಳಿಗೆ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು, ದೂರದಲ್ಲಿ ಜಾತ್ರೆಯ ಮೈಕು. ಕೊನೆಗೆ ಫೋನಿನೊಳಗಿಂದ ಹಲ್ಲಿ ಲೊಚಗುಟ್ಟಿದ ಹಾಗೆ ಚಿಕ್, ಚಿಕ್, ಚಿಕ್.

"ಬಂತು. ಇನ್ನು ತಾನಾಗೇ ತಣ್ಣಗಾಗ್ಲಿ, ಬೆಳಗಿನವರೆಗೂ ಮುಟ್ಬೇಡ. ಪ್ರಯೋಗ ಹೋಯ್ತು ಅಂತ ಆ ಹುಡುಗನಿಗೆ ನಾನೇ ಹೇಳ್ತೀನಿ, ನೀನು ಹೇಳ್ಬೇಡ. ಹೀಲಿಯಂ ಎಷ್ಟು ತೋರಿಸ್ತಿದೆ?" ಎಂದು ಕೇಳಿ, ಷೆಡ್ಡಿನಿಂದ ಕೈಗೆ ಸಿಕ್ಕ ಪುಸ್ತಕ, ಪೆನ್ನು ತಗೊಂಡು ಏನೋ ಗೀಚಿದಳು.

ಅಕ್ಕ ಮರುದಿನದ ಬೆಳಗಿನ ಬಸ್ಸಿಗೇ ಹೊರಟುಹೋದಳು. ಬಟವಾಡೆಯ ದಿನ ನನ್ನ ಮಗಳು ಪುಸ್ತಕ ಹಿಡಿದು ಹೆಸರು, ಕೆ.ಜಿ. ಓದುತ್ತಾ ಹೋದಳು, ನಾನು ದುಡ್ಡು ಎಣಿಸುತ್ತಾ ಹೋದೆ. ಪಟ್ಟಿಯ ಕೊನೆಗೆ ಬಂದು, "ಹೀಲಿಯಂ, ಎಪ್ಪತ್ತೊಂದು" ಅಂದಳು. ಸಾಲಿನಲ್ಲಿ ನಿಂತಿದ್ದ ಲೈನ್ ಮನೆಯ ಅಜ್ಜಿ ಹಿಂದೆ ತಿರುಗಿ ನೋಡಿ, "ಯಾರೇ ಅದು ಹೀಲಿಯಮ್ಮ? ನನಗಿಂತ ಒಂಬತ್ತು ಕೆಜಿ ಜಾಸ್ತಿ ಕುಯ್ದವ್ಳೆ!" ಎಂದು ಕೇಳಿದಳು.